ಆರಿದ್ರಾ ಮಳೆಗೆ ಮುಂಚೆ: ಒಂದು ಡಬ್ಬ, ತಿರುಗಿಸಿ ಹಾಕಿದ ಲೆನ್ಸ್, ಒಂದು ಫೈಲ್ ಹಾಳೆ

ಮಲೆನಾಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರು ಎರಡನೇ ಲೆನ್ಸಿಗೆ ದುಡ್ಡು ಕೂಡಿಡುವ ಮೊದಲು ಒಂದು ಒಳ್ಳೆಯ ಡಬ್ಬ ಕೊಳ್ಳಬೇಕು. ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಕರಿದಿಟ್ಟ ಹಪ್ಪಳ ಅರ್ಧ ಗಂಟೆಗೆ ಮೆತ್ತಗಾಗುತ್ತದೆ, ಗೂಟಕ್ಕೆ ಹಾಕಿದ ಚರ್ಮದ ಬೆಲ್ಟಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಅದೇ ಜಾತಿಯ ಬೂಷ್ಟು ಲೆನ್ಸಿನ ಗಾಜಿನ ಮೇಲೂ ಬೆಳೆಯುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ದಾಟುತ್ತದೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲೂ ಮಳೆಗಾಲದ ಗಾಳಿ ವಾರಗಟ್ಟಲೆ ಒಣಗುವುದಿಲ್ಲ.

ಇಲ್ಲಿನ ಇನ್ನೊಂದು ತೊಡಕು ಬೆಳಕು. ಚಿತ್ರ ತೆಗೆಯಲು ಅತಿ ಹೆಚ್ಚು ಜೀವ ಓಡಾಡುವ ಕಾಲದಲ್ಲೇ ತೋಟದೊಳಗೆ ಮಧ್ಯಾಹ್ನವೂ ಮಬ್ಬು. ಹಾಗಾಗಿ ಹುಳು, ಕಪ್ಪೆಯಂಥ ಸಣ್ಣ ಜೀವಿಗಳನ್ನು ತೀರಾ ಹತ್ತಿರದಿಂದ ತೆಗೆಯಲು ಕಡಿಮೆ ಖರ್ಚಿನಲ್ಲಿ ಕೈ ಪಳಗಿಸಿಕೊಳ್ಳಬೇಕೆಂದರೆ ದುಡ್ಡು ಹೋಗಬೇಕಾದದ್ದು ಒಣ ಗಾಳಿಗೆ ಮತ್ತು ಮೆದು ಬೆಳಕಿಗೆ. ಗಾಜಿಗೆ ಹೊಸದಾಗಿ ಏನೂ ಬೇಡ, ಕ್ಯಾಮೆರಾದ ಜೊತೆ ಬಂದ 18-55 ಮಿ.ಮೀ. ಜೂಮ್ ಲೆನ್ಸೇ (ಕಿಟ್ ಲೆನ್ಸ್) ಸಾಕು. ಕೆಳಗಿನ ಮೂರು ಕೆಲಸಗಳಿಗೆ (ಒಣ ಡಬ್ಬ, ಲೆನ್ಸ್ ತಿರುಗಿಸಿ ಹಾಕುವುದು, ಫ್ಲ್ಯಾಷ್ ಬೆಳಕು ಮೆದು ಮಾಡುವ ಡಿಫ್ಯೂಸರ್), ಫ್ಲ್ಯಾಷ್ ಒಂದನ್ನು ಬಿಟ್ಟರೆ, ಎರಡು ಸಾವಿರ ರೂಪಾಯಿಯೊಳಗೆ ಸಾಮಾನು ಸಿಗುತ್ತದೆ. ಬಹುಪಾಲು ಶಿವಮೊಗ್ಗದ ಗಾಂಧಿ ಬಜಾರಿನ ಪ್ಲಾಸ್ಟಿಕ್ ಮತ್ತು ಸ್ಟೇಷನರಿ ಅಂಗಡಿಗಳಲ್ಲೇ ಇದೆ. ಸಿಲಿಕಾ ಜೆಲ್ (ತೇವ ಹೀರುವ ಕಾಳು), ತೇವಮಾಪಕ, ರಿವರ್ಸ್ ರಿಂಗ್ ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಕಾದೀತು.

ಮೊದಲು ಲೆನ್ಸ್ ನೋಡಿ

ಬೂಷ್ಟು ಆಗಲೇ ಹತ್ತಿದೆಯೇ ಎಂದು ತಿಳಿಯದೆ ಡಬ್ಬ ಕಟ್ಟುವುದರಲ್ಲಿ ಅರ್ಥವಿಲ್ಲ. ಕತ್ತಲ ಕೋಣೆಯಲ್ಲಿ ಎರಡೂ ಕಡೆಯ ಮುಚ್ಚಳ ತೆಗೆದು, ಹಿಂಬದಿಯಿಂದ ಟಾರ್ಚ್ ಓರೆಯಾಗಿ ಹಾಯಿಸಿ, ಮುಂಬದಿಯಿಂದ ನೋಡಿ. ಆಮೇಲೆ ತಿರುವುಮುರುವು ಮಾಡಿ. ಜೇಡರ ಬಲೆಯ ಎಳೆಯಂತೆ ಅಂಚಿನಿಂದ ನಡುವಿಗೆ ಕವಲೊಡೆದು ಬಂದಿದ್ದರೆ ಬೂಷ್ಟು. ಚುಕ್ಕಿ ಚುಕ್ಕಿಯಾಗಿದ್ದರೆ ಧೂಳು, ಅದನ್ನು ಮರೆತುಬಿಡಿ. ಇಡೀ ಗಾಜು ಹಾಲು ಬಳಿದ ಹಾಗೆ ಮಬ್ಬಾಗಿದ್ದರೆ ಒಳಗಿನ ಗ್ರೀಸಿನ ಆವಿ ಕೂತಿರುತ್ತದೆ.

ಎಳೆ ಹೊರಗಿನ ಗಾಜಿನ ಮೇಲಿದ್ದರೆ ಮನೆಯಲ್ಲೇ ತೆಗೆಯಬಹುದು. ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡನ್ನು ಲೆನ್ಸಿಗೆ ನೇರ ಹನಿಸದೆ, ಲೆನ್ಸ್ ಟಿಶ್ಯೂ ಅದರಲ್ಲಿ ತೇವ ಮಾಡಿ, ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ಹೊಸ ಟಿಶ್ಯೂನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ತೆಗೆದುಕೊಂಡು ಮತ್ತೊಮ್ಮೆ. ಹನಿ ಅಂಚಿಗೆ ಇಳಿದರೆ ಒಳಗಿನ ಗಾಜಿಗೆ ಹೋಗಿ ಕೂರುತ್ತದೆ. ಕೆಟ್ಟು ಹೋಗುವುದು ಬಹುತೇಕ ಹೀಗೆಯೇ. ಒರೆಸಿದ ಮೇಲೂ ಎಳೆಯ ಗುರುತು ಉಳಿದಿದ್ದರೆ ಕೋಟಿಂಗ್ ಸವೆದಿದೆ, ಅದು ಮರಳಿ ಬರುವುದಿಲ್ಲ. ಒಳಗಿನ ಗಾಜಿನಲ್ಲಿದ್ದರೆ ರಿಪೇರಿಯವರಿಗೆ ಕೊಡಿ. ಆದರೆ ಕಿಟ್ ಲೆನ್ಸಿಗೆ ಬಿಚ್ಚಿ ಜೋಡಿಸುವ ಕೂಲಿ ಹಲವು ಸಲ ಹಳೇ ಲೆನ್ಸಿನ ಬೆಲೆಯನ್ನೇ ಮುಟ್ಟುತ್ತದೆ. ಅಂಚಿನಲ್ಲಿ ನಾಲ್ಕೆಳೆ ಇದ್ದ ಮಾತ್ರಕ್ಕೆ ಚಿತ್ರ ಕೆಡುವುದಿಲ್ಲ. ಅದನ್ನು ಒಣಗಿಸಿಟ್ಟರೆ ಬೆಳವಣಿಗೆ ನಿಲ್ಲುತ್ತದೆ, ಮುಂದಿನ ಕೆಲಸಕ್ಕೆ ಅದೇ ಲೆನ್ಸ್ ಬಳಸಬಹುದು.

ಡಬ್ಬ

ಬೇಕಾದದ್ದು: ಮುಚ್ಚಳಕ್ಕೆ ರಬ್ಬರ್ ಬಳೆ ಇರುವ, ನಾಲ್ಕೂ ಬದಿಗೆ ಚಿಲಕ ಬೀಳುವ 10ರಿಂದ 12 ಲೀಟರಿನ ಪ್ಲಾಸ್ಟಿಕ್ ಡಬ್ಬ, 500 ಗ್ರಾಂ ಸಿಲಿಕಾ ಜೆಲ್, ಗುಂಡನೆಯ ಸಣ್ಣ ಡಿಜಿಟಲ್ ತೇವಮಾಪಕ, ಒಂದು ಪ್ಲಾಸ್ಟಿಕ್ ಜಾಲರಿ, ಹಳೇ ಪಂಚೆಯ ತುಂಡು. ಒಂದು ಬಾಡಿ (ಲೆನ್ಸ್ ಬಿಚ್ಚಿದ ಕ್ಯಾಮೆರಾ), ಎರಡು ಲೆನ್ಸ್, ಫ್ಲ್ಯಾಷ್ ಇದರಲ್ಲಿ ಹಿಡಿಯುತ್ತವೆ.

ಡಬ್ಬವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಎರಡು ಬೆರಳಗಲದ ದಿನಪತ್ರಿಕೆಯ ಪಟ್ಟಿಯನ್ನು ಬಾಯಿಯ ಮೇಲಿಟ್ಟು ಮುಚ್ಚಳ ಹಾಕಿ, ಚಿಲಕ ಬಿಗಿದು ಎಳೆಯಿರಿ. ನಾಲ್ಕೂ ಬದಿ ಮತ್ತು ನಾಲ್ಕೂ ಮೂಲೆಯಲ್ಲಿ ಪಟ್ಟಿ ತಡೆದು ಬರಬೇಕು, ಇಲ್ಲವೇ ಹರಿಯಬೇಕು. ಒಂದು ಕಡೆ ಸಲೀಸಾಗಿ ಬಂದರೂ ಆ ಡಬ್ಬ ಬೇಡ. ಉದ್ದನೆಯ ಡಬ್ಬಗಳ ಮುಚ್ಚಳ ನಡುವಿನಲ್ಲಿ ಉಬ್ಬಿಕೊಂಡು ಅಲ್ಲೇ ಸೋರುವುದು ಹೆಚ್ಚು.

ತೇವಮಾಪಕವನ್ನು ನಂಬುವ ಮೊದಲು ಅದನ್ನೂ ಪರೀಕ್ಷಿಸಬೇಕು. ಅಗ್ಗದವು ಐದು ಅಂಕ ಆಚೀಚೆ ತೋರಿಸುವುದು ಮಾಮೂಲು. ಬಾಟಲಿ ಮುಚ್ಚಳದ ತುಂಬ ಪುಡಿ ಉಪ್ಪು ಹಾಕಿ, ಹಸಿ ಮರಳಿನಂತಾಗುವಷ್ಟೇ ನೀರು ಹನಿಸಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮಾಪಕವನ್ನೂ ಒಂದೇ ಜಿಪ್ ಚೀಲದಲ್ಲಿ, ಒಂದಕ್ಕೊಂದು ತಾಗದಂತೆ, ರಾತ್ರಿಯಿಡೀ ಮುಚ್ಚಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವ 75%ರಲ್ಲಿ ನಿಲ್ಲುತ್ತದೆ. ಮಾಪಕ ಬೆಳಿಗ್ಗೆ 80 ತೋರಿಸಿದರೆ ಅದು ಯಾವಾಗಲೂ ಐದು ಹೆಚ್ಚು ಹೇಳುತ್ತದೆ ಎಂದು ಬೆನ್ನಿಗೆ ಬರೆದು ಅಂಟಿಸಿ.

ಜೆಲ್ಲಿನಲ್ಲಿ ನೀಲಿ, ಕಿತ್ತಳೆ, ಬಿಳಿ ಎಂದು ಮೂರು ಬಗೆ. ನೀಲಿಯದು ತೇವ ಹೀರಿ ಗುಲಾಬಿಯಾಗುತ್ತದೆ, ಅದರ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಒಲೆಯ ಮೇಲೆ ಕಾಯಿಸುವ ವಸ್ತುವಾದ್ದರಿಂದ ಮನೆಗೆ ಅದನ್ನು ತರದಿರುವುದೇ ಒಳ್ಳೆಯದು. ಬಿಳಿಯದನ್ನೇ ಹೆಚ್ಚು ತೆಗೆದುಕೊಂಡು, ಗುರುತಿಗೆ ಒಂದು ಹಿಡಿ ಕಿತ್ತಳೆ ಬೆರೆಸಿ. ಕಿತ್ತಳೆ ಹಸಿರಾದರೆ ತುಂಬಿತು ಎಂದರ್ಥ. 250 ಗ್ರಾಮಿನ ಎರಡು ಗಂಟು ಕಟ್ಟಿ. ಒಂದು ಡಬ್ಬದೊಳಗೆ, ಇನ್ನೊಂದು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿದ್ಧ. ಗಂಟು ತಳದಲ್ಲಿ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಲೆನ್ಸ್. ಬಟ್ಟೆ ದಪ್ಪ ನೇಯ್ಗೆಯದಾಗಿದ್ದರೆ ಹೀರುವುದು ತಡ, ತೀರಾ ತೆಳುವಾದರೆ ಜೆಲ್ಲಿನ ಪುಡಿ ಉದುರುತ್ತದೆ. ಪಂಚೆಯ ಬಟ್ಟೆ ಹದವಾಗಿದೆ.

ಇಲ್ಲೊಂದು ಲೆಕ್ಕ ತಿಳಿದಿರಬೇಕು. 25 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿ ಹೊರುವುದು ಸುಮಾರು 23 ಗ್ರಾಂ ನೀರು. ಅಂದರೆ 10 ಲೀಟರ್ ಡಬ್ಬದ ಗಾಳಿಯಲ್ಲಿರುವುದು ಕಾಲು ಗ್ರಾಮೂ ಅಲ್ಲ. 250 ಗ್ರಾಂ ಜೆಲ್ ಡಬ್ಬದ ಹದದಲ್ಲೇ 40 ಗ್ರಾಂ ನೀರು ಹೀರಬಲ್ಲದು. ಹಾಗಿದ್ದೂ ಕೆಲವರ ಜೆಲ್ ಮೂರೇ ದಿನಕ್ಕೆ ಸೋಲುವುದೇಕೆ? ಒದ್ದೆ ಕತ್ತಿನ ಪಟ್ಟಿ, ಸ್ಪಂಜಿನ ತುಂಡು, ಲೆನ್ಸ್ ಒರೆಸಿದ ಬಟ್ಟೆ ಒಳಗೆ ಹೋಗಿರುತ್ತದೆ. ಮಳೆಯಲ್ಲಿ ನೆನೆದ ಪಟ್ಟಿಯೊಂದೇ ಹತ್ತಿಪ್ಪತ್ತು ಗ್ರಾಂ ನೀರು ಹೊತ್ತು ತರುತ್ತದೆ. ಪಟ್ಟಿಯನ್ನು ಬಿಚ್ಚಿ ಹೊರಗೆ ಒಣಹಾಕಿ, ಡಬ್ಬಕ್ಕೆ ಬಟ್ಟೆಯ ಮೆತ್ತೆ ಹಾಕಬೇಡಿ.

ಗುರಿ 40ರಿಂದ 50%. ಬೂಷ್ಟು ಚಿಗುರಲು ಸುಮಾರು 60%ಕ್ಕಿಂತ ಮೇಲಿನ ತೇವ ಬೇಕು. ಹೊಸ ಜೆಲ್ ಹಾಕಿದ ಮೊದಲ ದಿನಗಳಲ್ಲಿ ಮಾಪಕ 30ಕ್ಕಿಂತ ಕೆಳಗಿಳಿಯಬಹುದು. ಆಗ ಗಂಟಿನಿಂದ ಅರ್ಧ ತೆಗೆದಿಡಿ. ರಬ್ಬರು ಮತ್ತು ಗ್ರೀಸಿಗೆ ಅಷ್ಟು ಒಣಗು ಒಳ್ಳೆಯದಲ್ಲ.

ಬಣ್ಣಕ್ಕಿಂತ ಅಡುಗೆಮನೆಯ ತಕ್ಕಡಿ ನಂಬಿಕಸ್ಥ. ಒಣಗಿದ ಗಂಟಿನ ತೂಕ ಚೀಟಿಯಲ್ಲಿ ಬರೆದಿಡಿ. 250 ಗ್ರಾಂ ಇದ್ದದ್ದು 290 ಆದರೆ ಕಾಯಿಸುವ ಹೊತ್ತು. ಓವನ್ ಇದ್ದರೆ 120 ಡಿಗ್ರಿಯಲ್ಲಿ, ಎರಡು ಸೆಂ.ಮೀ.ಗಿಂತ ದಪ್ಪವಾಗದಂತೆ ಹರಡಿ ಎರಡು ಗಂಟೆ. ಇಲ್ಲದಿದ್ದರೆ ಅಡುಗೆಗೆ ಬಳಸದ ದಪ್ಪ ಕಬ್ಬಿಣದ ಬಾಣಲೆ, ಸಣ್ಣ ಉರಿ, ಬಿಡದೆ ಕೈಯಾಡಿಸುವುದು. ಉರಿ ಜೋರಾದರೆ ಒದ್ದೆ ಕಾಳು ಚಟಚಟ ಸಿಡಿದು ಪುಡಿಯಾಗುತ್ತವೆ, ಕಿತ್ತಳೆ ಕಾಳು ಕಪ್ಪಿಟ್ಟು ಗುರುತು ಹೇಳುವ ಗುಣ ಕಳೆದುಕೊಳ್ಳುತ್ತವೆ. ತೂಕ ಮೊದಲಿನಷ್ಟಾದಾಗ ನಿಲ್ಲಿಸಿ. ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ತಣಿಸಿದ ಮೇಲೆಯೇ ಲೆನ್ಸಿನ ಹತ್ತಿರ ತನ್ನಿ. ಬಿಸಿ ಜೆಲ್ ತೇವ ಹೀರುವುದಿಲ್ಲ, ಲೆನ್ಸನ್ನೇ ಬಿಸಿ ಮಾಡುತ್ತದೆ.

ಮಲೆನಾಡಿನ ಮನೆಗಳ ಮೂರು ಅಭ್ಯಾಸಗಳನ್ನು ಇಲ್ಲೇ ಹೇಳಬೇಕು. ಅಕ್ಕಿ ಡಬ್ಬದಲ್ಲಿ ಲೆನ್ಸ್ ಹೂಳುವುದು: ಅಕ್ಕಿ ಹೀರುವ ತೇವ ತೀರಾ ಕಡಿಮೆ, ಅದರ ಹಿಟ್ಟುಧೂಳು ಫೋಕಸ್ ಉಂಗುರಕ್ಕೆ ಇಳಿಯುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡುವುದು: ಒಣಗೇನೋ ಇದೆ, ಆದರೆ ಹೊಗೆಯ ಜಿಡ್ಡು ಗಾಜಿಗೆ ಹತ್ತಿದರೆ ಬೂಷ್ಟಿಗೂ ಹಬ್ಬ. ಕಪಾಟಿನೊಳಗೆ ಬಲ್ಬು ಉರಿಸುವುದು: ಇದು ಸುಳ್ಳಲ್ಲ, 25 ಡಿಗ್ರಿಯ 90% ತೇವದ ಗಾಳಿ 30 ಡಿಗ್ರಿಗೆ ಬಿಸಿಯಾದರೆ 67%ಕ್ಕೆ ಇಳಿಯುತ್ತದೆ. ಆದರೆ ಮರ ಬಿದ್ದು ಲೈನ್ ಹೋದ ದಿನ, ಅಂದರೆ ಮಳೆ ಜೋರಿರುವ ದಿನವೇ, ಬಲ್ಬು ಉರಿಯುವುದಿಲ್ಲ. ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ಟಿಗೂ ಇದೇ ತೊಂದರೆ. ಜೆಲ್ಲಿಗೆ ಕರೆಂಟಿನ ಹಂಗಿಲ್ಲ.

ಲೆನ್ಸ್ ತಿರುಗಿಸುವುದು

ಲೆನ್ಸನ್ನು ಹಿಂದುಮುಂದಾಗಿ ಹಾಕಿದರೆ ತೀರಾ ಹತ್ತಿರದ ಸಣ್ಣ ವಸ್ತುವನ್ನು ದೊಡ್ಡದಾಗಿ ತೋರಿಸುತ್ತದೆ. ರಿವರ್ಸ್ ರಿಂಗ್ ಎಂದರೆ ಒಂದು ಬದಿ ಕ್ಯಾಮೆರಾದ ಮೌಂಟಿಗೆ (ಲೆನ್ಸ್ ಕೂರುವ ಬಾಯಿ), ಇನ್ನೊಂದು ಬದಿ ಲೆನ್ಸಿನ ಫಿಲ್ಟರ್ ಮರೆಗೆ (ಮುಂಬದಿಯ ತಿರುಪು) ಕೂರುವ ಲೋಹದ ಬಳೆ. ಮರೆಯ ಅಳತೆ ಲೆನ್ಸಿನ ಮೂತಿಯಲ್ಲೇ ಬರೆದಿರುತ್ತದೆ: ಕ್ಯಾನನ್ 18-55 ಎಸ್‌ಟಿಎಂಗೆ 58 ಮಿ.ಮೀ., ನಿಕಾನ್ ಎಎಫ್-ಪಿ 18-55ಕ್ಕೆ 55, ಹಳೇ ನಿಕಾನ್ 50 ಮಿ.ಮೀ. ಎಫ್ 1.8 ಡಿಗೆ 52. ಅಳತೆ ನೋಡದೆ ತರಿಸುವುದೇ ಇಲ್ಲಿ ಆಗುವ ಮೊದಲ ನಷ್ಟ.

ತಿರುಗಿಸಿದ ಮೇಲೆ ಜೂಮ್ ಉಲ್ಟಾ ನಡೆಯುತ್ತದೆ. 50ರ ಹತ್ತಿರ ಇಟ್ಟರೆ ಹೆಚ್ಚುಕಡಿಮೆ ಒಂದಕ್ಕೆ ಒಂದು, ಅಂದರೆ ವಸ್ತು ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್) ಮೇಲೆ ತನ್ನ ನಿಜ ಅಳತೆಯಲ್ಲೇ ಮೂಡುತ್ತದೆ; ಇದೇ ಒಂದು ಪಟ್ಟು. 18ಕ್ಕೆ ತಂದರೆ ಮೂರು ಪಟ್ಟಿಗೂ ಮೇಲೆ. ನಿಖರವಾಗಿ ತಿಳಿಯಲು ಸ್ಟೀಲ್ ಸ್ಕೇಲಿನ ಚಿತ್ರ ತೆಗೆಯಿರಿ. ಕ್ಯಾನನ್ನಿನ ಸಣ್ಣ ಸೆನ್ಸರ್ ಅಗಲ 22.3 ಮಿ.ಮೀ., ನಿಕಾನಿನದು 23.5. ಚೌಕಟ್ಟಿನ ಅಗಲದಲ್ಲಿ 11 ಮಿ.ಮೀ. ಮಾತ್ರ ಕಂಡರೆ ಎರಡು ಪಟ್ಟು. ಜೂಮ್ ಉಂಗುರದಲ್ಲಿ ಒಂದು, ಎರಡು, ಮೂರು ಪಟ್ಟಿನ ಜಾಗಕ್ಕೆ ಬಿಳಿ ಬಣ್ಣದ ಚುಕ್ಕಿ ಇಡಿ, ಕತ್ತಲಲ್ಲಿ ಬೇಕಾಗುತ್ತದೆ. ಲೆನ್ಸಿನ ತುದಿಯಿಂದ ವಸ್ತುವಿಗೆ ಇರುವ ದೂರ ಒಂದು ಪಟ್ಟಿನಲ್ಲಿ ಸುಮಾರು ಒಂಬತ್ತು ಸೆಂ.ಮೀ., 18ರಲ್ಲಿ ಐದರ ಹತ್ತಿರ. ಮೂರು ಪಟ್ಟಿನಲ್ಲಿ ಇರುವೆಯೇ ಲೆನ್ಸನ್ನು ಹತ್ತಿಬಿಡಬಹುದು. ಮೊದಲ ತಿಂಗಳು ಒಂದು ಪಟ್ಟನ್ನು ದಾಟಬೇಡಿ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಇಲ್ಲಿನ ಸೂಕ್ಷ್ಮ ಜಾಗ. ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು. ತಿರುಗಿಸಿದ ಲೆನ್ಸಿಗೆ ಕ್ಯಾಮೆರಾದ ವಿದ್ಯುತ್ ಸಂಪರ್ಕ ಇರುವುದಿಲ್ಲ. ಕ್ಯಾನನ್ ಲೆನ್ಸ್ ಪೂರ್ತಿ ತೆರೆದೇ ಉಳಿಯುತ್ತದೆ. ಅದನ್ನು ಮೊದಲು ಸರಿಯಾದ ದಿಕ್ಕಿನಲ್ಲೇ ಹಾಕಿ, ಎಫ್ 8 ಇಟ್ಟು, ಡೆಪ್ತ್ ಪ್ರಿವ್ಯೂ ಗುಂಡಿ (ಕಿಂಡಿಯನ್ನು ಇಟ್ಟ ಅಂಕಿಗೆ ಕಿರಿದು ಮಾಡಿ ತೋರಿಸುವುದು) ಒತ್ತಿ ಹಿಡಿದು, ಒತ್ತಿದ ಹಾಗೆಯೇ ಲೆನ್ಸ್ ಬಿಚ್ಚಿ. ಕಿಂಡಿಯ ಎಲೆಗಳು ಅಲ್ಲೇ ನಿಲ್ಲುತ್ತವೆ. ಕೆಲವು ಅಗ್ಗದ ಬಾಡಿಗಳಲ್ಲಿ ಆ ಗುಂಡಿ ಬೇರೆ ಇಲ್ಲ. ಕಸ್ಟಮ್ ಫಂಕ್ಷನ್ ಮೆನುವಿನಲ್ಲಿ ಸೆಟ್ ಗುಂಡಿಗೆ ಆ ಕೆಲಸ ವಹಿಸಬಹುದೇ ನೋಡಿ. ನಿಕಾನಿನಲ್ಲಿ ಕಥೆ ಉಲ್ಟಾ: ಅಪರ್ಚರ್ ಉಂಗುರವಿಲ್ಲದ ಜಿ ಮಾದರಿಯ ಲೆನ್ಸ್ ಬಿಚ್ಚಿದರೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹಿಂಬದಿಯ ಸಣ್ಣ ಸನ್ನೆಯನ್ನು ಅರ್ಧ ಸರಿಸಿ, ಮಡಚಿದ ಕಾಗದದ ಆಪು ಕೊಟ್ಟು ನಿಲ್ಲಿಸಬೇಕು. ಅಪರ್ಚರ್ ಉಂಗುರವಿರುವ ಹಳೇ 50 ಮಿ.ಮೀ. ಸಿಕ್ಕಿದರೆ ಈ ಯಾವ ತಾಪತ್ರಯವೂ ಇಲ್ಲ.

ಎಫ್ 16 ಇಟ್ಟರೆ ಹೆಚ್ಚು ಭಾಗ ಸ್ಪಷ್ಟ ಬರುತ್ತದೆಂದು ಹೊಸಬರು ಒತ್ತುತ್ತಾರೆ, ಚಿತ್ರ ಪೂರಾ ಮೆತ್ತಗೆ ಬರುತ್ತದೆ. ಪಟ್ಟು ಹೆಚ್ಚಿದಂತೆ ಅಪರ್ಚರ್ ತಾನೇ ಕಿರಿದಾದ ಹಾಗೆ. ಇಟ್ಟ ಅಂಕಿಯನ್ನು ಪಟ್ಟಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಗುಣಿಸಿ: ಎರಡು ಪಟ್ಟಿನಲ್ಲಿ ಎಫ್ 16 ಎಂದರೆ ಸುಮಾರು ಎಫ್ 48. ಬೆಳಕು ಅಷ್ಟು ಸಣ್ಣ ಕಿಂಡಿಯಲ್ಲಿ ಹಾದರೆ ಹರಡಿಕೊಳ್ಳುತ್ತದೆ. ಒಂದು ಪಟ್ಟಿಗೆ ಎಫ್ 8, ಎರಡಕ್ಕೆ ಎಫ್ 5.6 ಸಾಕು.

ತಿರುಗಿಸಿದಾಗ ಲೆನ್ಸಿನ ಹಿಂಭಾಗ ಮಳೆಗೆ ಬಯಲಾಗುತ್ತದೆ. ಹಳೇ ಹಿಂಬದಿ ಮುಚ್ಚಳವೊಂದರ ನಡುವನ್ನು ಕೊರೆದು, ಅಂಚನ್ನು ಉಪ್ಪುಕಾಗದದಲ್ಲಿ ನುಣುಪು ಮಾಡಿ ಅಲ್ಲಿ ಹಾಕಿ. ಸಂಪರ್ಕದ ಚುಕ್ಕಿಗಳು ಒದ್ದೆಯಾಗುವುದು ತಪ್ಪುತ್ತದೆ.

ಡಿಫ್ಯೂಸರ್

ಎರಡು ಪಟ್ಟಿನಲ್ಲಿ ಸೆನ್ಸರಿಗೆ ಬರುವ ಬೆಳಕು ಒಂಬತ್ತರಲ್ಲಿ ಒಂದು ಪಾಲು. ಮೋಡದ ತೋಟದಲ್ಲಿ ಫ್ಲ್ಯಾಷ್ ಇಲ್ಲದೆ ಕೈಯಲ್ಲಿ ಹಿಡಿದು ತೆಗೆಯುವ ಮಾತೇ ಇಲ್ಲ. ಹಳೇ ಸ್ಟುಡಿಯೋದಿಂದ ಫ್ಲ್ಯಾಷ್ ಕೊಳ್ಳುವವರು ಅದರ ತಳದ ನಡುವಿನ ಮೊಳೆಗೂ ಅಂಚಿನ ಲೋಹಕ್ಕೂ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಲೇಬೇಕು. ರೀಲ್ ಕಾಲದ ಕೆಲವು ಫ್ಲ್ಯಾಷ್‌ಗಳಲ್ಲಿ 200 ವೋಲ್ಟಿಗೂ ಮೇಲಿರುತ್ತದೆ, ಡಿಜಿಟಲ್ ಕ್ಯಾಮೆರಾ ಸುಟ್ಟುಹೋಗಬಹುದು. 6 ವೋಲ್ಟಿನೊಳಗಿದ್ದರೆ ನಿಶ್ಚಿಂತೆ.

ಡಿಫ್ಯೂಸರ್ ಎಂದರೆ ಫ್ಲ್ಯಾಷಿನ ಬೆಳಕನ್ನು ಹರಡಿ ಮೆದು ಮಾಡುವ ಗೂಡು. ಅದಕ್ಕೆ ಬೇಕಾದದ್ದು: ಟೊಳ್ಳು ಪ್ಲಾಸ್ಟಿಕ್ಕಿನ ಸನ್‌ಪ್ಯಾಕ್ ಹಾಳೆ, ಒಳಗೆ ಅಂಟಿಸಲು ಅಡುಗೆಯ ಅಲ್ಯೂಮಿನಿಯಂ ಹಾಳೆ, ಎ4 ಅಳತೆಯ ಮಂಜುಬಿಳಿ ಪ್ಲಾಸ್ಟಿಕ್ ಫೈಲ್, ಒಂದು ಮಿ.ಮೀ. ಬಿಳಿ ಪ್ಯಾಕಿಂಗ್ ಫೋಮ್, ಗೂಡನ್ನು ಫ್ಲ್ಯಾಷ್ ತಲೆಗೆ ಬಿಗಿಯಲು ಸೈಕಲ್ ಟ್ಯೂಬಿನ ಪಟ್ಟಿ. ಟ್ರೇಸಿಂಗ್ ಪೇಪರ್ ಒಣನಾಡಿಗೆ ಚೆಂದ, ಇಲ್ಲಿ ಒಂದೇ ಸಂಜೆಗೆ ನೆನೆದು ಸುಕ್ಕಾಗುತ್ತದೆ. ಅಡಿಕೆ ಹಾಳೆ ಹಗುರ, ಪುಕ್ಕಟೆ, ಬಾಗುತ್ತದೆ ನಿಜ. ಮಳೆಗಾಲದಲ್ಲಿ ಅದಕ್ಕೇ ಮೊದಲು ಬೂಷ್ಟು ಬರುವುದರಿಂದ ಡಬ್ಬದೊಳಗೆ ಇಡುವ ಹಾಗಿಲ್ಲ.

ಮೇಲಿನ ಹಲಗೆ: ಫ್ಲ್ಯಾಷ್ ಕಡೆ 8 ಸೆಂ.ಮೀ., ಬಾಯಿ ಕಡೆ 20, ಉದ್ದ 18. ಕೆಳಗಿನದು: 8ರಿಂದ 14ಕ್ಕೆ ಅಗಲವಾಗುವ, 9 ಉದ್ದದ್ದು. ಕೆಳಗಿನದು ಗಿಡ್ಡವಾಗಿರುವುದರಿಂದ ಬಾಯಿ ಓರೆಯಾಗಿ ಕೆಳಕ್ಕೆ, ವಸ್ತುವಿನ ಕಡೆಗೇ ನೋಡುತ್ತದೆ. ಪಕ್ಕದ ಎರಡು ತುಂಡುಗಳಿಗೆ ಹಿಂಬದಿ 6 ಸೆಂ.ಮೀ. ಎತ್ತರ, ಮೇಲಂಚು 19, ಕೆಳಂಚು 9.5. ಇದನ್ನು 18 ಮತ್ತು 9 ಎಂದೇ ಕತ್ತರಿಸಿದರೆ ಪಕ್ಕದ ತುಂಡು ಹೊರಕ್ಕೆ ವಾಲಿದಾಗ ಗಿಡ್ಡವಾಗಿ ಮೂಲೆಯಲ್ಲಿ ಸೀಳು ಬಿಟ್ಟುಕೊಳ್ಳುತ್ತದೆ. ಹಾಳೆಯ ಟೊಳ್ಳು ಗೆರೆ ಉದ್ದಕ್ಕೆ ಬರುವಂತೆ ಕತ್ತರಿಸಿ, ಅಡ್ಡ ಬಂದರೆ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಒಳಗೆಲ್ಲ ಅಲ್ಯೂಮಿನಿಯಂ ಅಂಟಿಸಿ, ಮೂಲೆಗಳಿಗೆ ಹೊರಗಿನಿಂದ ಬಟ್ಟೆಯ ಟೇಪ್.

ಫ್ಲ್ಯಾಷ್ ತಲೆಯಿಂದ 6 ಸೆಂ.ಮೀ. ಮುಂದೆ, 12ಕ್ಕೆ 6ರ ಫೋಮ್ ತುಂಡು ಅಡ್ಡ ನಿಲ್ಲಿಸಿ. ಬಾಯಿಗೆ 24ಕ್ಕೆ 15 ಕತ್ತರಿಸಿದ ಫೈಲ್ ಹಾಳೆಯನ್ನು ಹೊರಕ್ಕೆ ಉಬ್ಬುವಂತೆ ಬಾಗಿಸಿ ಅಂಟಿಸಿ. ಎರಡು ಪದರದ ನಡುವೆ ಜಾಗ ಇರಲೇಬೇಕು. ಒಂದರ ಮೇಲೊಂದು ಅಂಟಿಸಿದರೆ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಹರಡುವುದಿಲ್ಲ.

ಪರೀಕ್ಷೆಗೆ ಅಂಟುವಾಳದ ಬೀಜಕ್ಕಿಂತ ಒಳ್ಳೆಯದಿಲ್ಲ. ಕರ್‍ರಗೆ, ಗುಂಡಗೆ, ಹೊಳಪಾಗಿ, ಥೇಟ್ ಕಪ್ಪೆಯ ಕಣ್ಣು. ಜಗಲಿಯ ಮೇಲಿಟ್ಟು ಒಂದು ಪಟ್ಟಿನಲ್ಲಿ ತೆಗೆದು, ಬೀಜದ ಮೇಲಿನ ಬಿಳಿ ಹೊಳಪನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿ. ಅಗಲವಾದ ಕಿಟಕಿಯಂಥ ಹೊಳಪು, ಅಂಚಿಗೆ ಹೋಗುತ್ತಾ ಮಾಸುತ್ತಿದ್ದರೆ ಸರಿಯಾಗಿದೆ. ನಡುವೆ ಸುಡುವ ಚುಕ್ಕಿ ಕಂಡರೆ ಒಳಗಿನ ಫೋಮಿನ ನಡುವೆ 4ಕ್ಕೆ 4ರ ಇನ್ನೊಂದು ತುಂಡು ಅಂಟಿಸಿ. ಹೊಳಪು ಬೀಜದ ನೆತ್ತಿಯಲ್ಲಿ ಮಾತ್ರ ಇದ್ದು ಮುಂಭಾಗ ಕತ್ತಲಾದರೆ ಗೂಡು ಹೆಚ್ಚು ಮುಂದೆ ಚಾಚಿದೆ, ಫ್ಲ್ಯಾಷ್ ತಲೆಯನ್ನು ಒಂದು ಹಲ್ಲು ಕೆಳಗೆ ಬಾಗಿಸಿ.

ಕ್ಯಾಮೆರಾ ಎಂ ಮೋಡಿನಲ್ಲಿ (ಎಲ್ಲವನ್ನೂ ಕೈಯಾರೆ ಇಡುವುದು), ಶಟರ್ 1/160 ಸೆಕೆಂಡ್, ಐಎಸ್ಒ 200, ಫ್ಲ್ಯಾಷ್ ಕೈಯಾರೆ 1/8 ಬಲಕ್ಕೆ. ಮೊದಲು ಫ್ಲ್ಯಾಷ್ ಆರಿಸಿ ಒಂದು ಚಿತ್ರ ತೆಗೆಯಿರಿ, ಅದು ಪೂರ್ತಿ ಕಪ್ಪಾಗಿ ಬರಬೇಕು. ಬಂದರೆ ಚಿತ್ರಕ್ಕೆ ಬೆಳಕೆಲ್ಲ ಫ್ಲ್ಯಾಷಿನದೇ, ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುವುದರಿಂದ ಕೈ ನಡುಕ ಕಾಣುವುದಿಲ್ಲ. ಚೌಕಟ್ಟಿನ ಕೆಳಗೆ ಕಪ್ಪು ಪಟ್ಟಿ ಬಂದರೆ ಶಟರ್ ವೇಗ ಮಿತಿ ಮೀರಿದೆ. ಇಂಥ ಕ್ಯಾಮೆರಾಗಳಲ್ಲಿ ಬಹುತೇಕ 1/200ರ ಆಚೆ ಹೋಗಬಾರದು.

ಕೈ ಪಳಗುವುದು

ಫೋಕಸ್ ಉಂಗುರ ಮುಟ್ಟಬೇಡಿ. ಮೈಯನ್ನೇ ಮುಂದೆ ಹಿಂದೆ ವಾಲಿಸಿ, ಕಣ್ಣು ಸ್ಪಷ್ಟವಾದ ಕ್ಷಣ ಒತ್ತಿ. ಎಡಗೈಯ ಹೆಬ್ಬೆರಳು ತೋರುಬೆರಳಲ್ಲಿ ಎಲೆಯ ತೊಟ್ಟು ಹಿಡಿದು, ಉಳಿದ ಬೆರಳ ಮೇಲೆ ಲೆನ್ಸ್ ಊರಿದರೆ ಎಲೆಯೂ ಲೆನ್ಸೂ ಒಟ್ಟಿಗೆ ಅಲುಗುತ್ತವೆ, ಅರ್ಧ ಕಷ್ಟ ಅಲ್ಲೇ ತೀರಿತು. ಮೊದಲ ವಾರ ಅಂಟುವಾಳದ ಬೀಜ ಮತ್ತು ಓರೆಯಿಟ್ಟ ಸ್ಕೇಲು; 50 ಚಿತ್ರದಲ್ಲಿ ಎಷ್ಟರಲ್ಲಿ ಬೇಕಾದ ಗೆರೆಯೇ ಸ್ಪಷ್ಟ ಬಂದಿದೆ ಎಂದು ಎಣಿಸಿ ಬರೆದಿಡಿ. ಆಮೇಲೆ ಹಿತ್ತಲಿನ ಬಸವನಹುಳು, ಬೆಳಗಿನ ತಂಪಿಗೆ ಮರಗಟ್ಟಿ ಕೂತ ಏರೋಪ್ಲೇನ್ ಚಿಟ್ಟೆ. ಕಪ್ಪೆ ಕೊನೆಗೆ.

ಕಪ್ಪೆಗೆ ಅಭಯಾರಣ್ಯಕ್ಕೇ ಹೋಗಬೇಕೆಂದಿಲ್ಲ, ಅನುಮತಿಯಿಲ್ಲದೆ ರಾತ್ರಿ ಹೋಗುವುದು ಅಪರಾಧ ಕೂಡ. ತೋಟದ ಕಪ್ಪು (ಬಸಿಗಾಲುವೆ), ಬಾವಿಕಟ್ಟೆ, ಗದ್ದೆಯಂಚು ಸಾಕು. ಇಂಬಳಕ್ಕೆ (ಜಿಗಣೆ) ಹಚ್ಚಿಕೊಂಡ ಸುಣ್ಣ, ಹೊಗೆಸೊಪ್ಪು, ಸೊಳ್ಳೆ ಎಣ್ಣೆ ಇರುವ ಕೈಯಲ್ಲಿ ಕಪ್ಪೆಯನ್ನು ಮುಟ್ಟಲೇಬೇಡಿ, ಅವುಗಳ ಚರ್ಮ ಎಲ್ಲವನ್ನೂ ಒಳಗೆಳೆದುಕೊಳ್ಳುತ್ತದೆ. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗೆ ನೊರೆಗೂಡು ಕಟ್ಟುವುದು ಗೊದಮೊಟ್ಟೆಗಳು ನೇರ ನೀರಿಗೆ ಬೀಳಲೆಂದು. ಚಿತ್ರಕ್ಕಾಗಿ ಕೊಂಬೆ ಸರಿಸಿ ಬಿಟ್ಟರೆ ಅವು ನೆಲಕ್ಕೆ ಬಿದ್ದು ಸಾಯುತ್ತವೆ. ಮಧ್ಯ ಪಶ್ಚಿಮಘಟ್ಟದ ಹಳ್ಳಗಳ ಕುಂಬಾರ ಕಪ್ಪೆ, ಮೊಟ್ಟೆಗೆ ಮಣ್ಣು ಬಳಿಯುವ ಆ ಗಂಡು, ವಿಜ್ಞಾನಕ್ಕೆ ಪರಿಚಯವಾದದ್ದೇ 2014ರಲ್ಲಿ. ಅಂಥ ಹಳ್ಳದಲ್ಲಿ ಕಲ್ಲು ತಿರುವಿ ಹುಡುಕುವುದು ಬೇಡ. ಒಂದು ಜೀವಿಗೆ ಐದಾರು ಫ್ಲ್ಯಾಷ್, ಅಷ್ಟರಲ್ಲಿ ಬರದಿದ್ದರೆ ಬಿಟ್ಟುಬಿಡಿ.

ಮನೆಗೆ ಬಂದ ತಕ್ಷಣ ಡಬ್ಬಕ್ಕೆ ಹಾಕಬಾರದು. ಹೊರಮೈ ಒರೆಸಿ, ಬ್ಯಾಟರಿ ಮತ್ತು ಕಾರ್ಡ್ ತೆಗೆದು, ಅವುಗಳ ಬಾಗಿಲು ತೆರೆದಿಟ್ಟು ಒಂದು ಗಂಟೆ ಫ್ಯಾನಿನ ಕೆಳಗೆ. ಫ್ಲ್ಯಾಷಿನ ಸೆಲ್ಲುಗಳನ್ನೂ ಬಿಚ್ಚಿ. ಡಿಫ್ಯೂಸರ್ ಗೂಡನ್ನು ಬಾಯಿ ಕೆಳಗೆ ಮಾಡಿ ನೇತುಹಾಕಿ, ಸನ್‌ಪ್ಯಾಕಿನ ಟೊಳ್ಳಿನಲ್ಲಿ ನಿಂತ ನೀರು ಇಳಿದುಹೋಗಲಿ. ಲೆನ್ಸನ್ನು ಮುಚ್ಚಳ ಹಾಕದೆ ಜಾಲರಿಯ ಮೇಲೆ ಇಡಿ, ಚಿಲಕ ಬಿಗಿಯಿರಿ. ಮರುದಿನ ಬೆಳಿಗ್ಗೆ ಮಾಪಕ 50ಕ್ಕಿಂತ ಮೇಲಿದ್ದರೆ ಒಳಗೆ ಏನೋ ಇನ್ನೂ ಒದ್ದೆ ಇದೆ. ಅದನ್ನು ಹುಡುಕಿ ತೆಗೆದು, ಸ್ಟೀಲ್ ಡಬ್ಬಿಯ ಗಂಟನ್ನು ಒಳಗಿಟ್ಟು, ಒಳಗಿದ್ದದ್ದನ್ನು ತಕ್ಕಡಿಗೆ ಹಾಕಿ.